ಗುಳೆ ಹೋದವರ ಗುರುತು: ಶೇಗಾಂವ ಮತ್ತು ಜತ್ತ ಸೀಮೆಯ ವಲಸೆಯ ಚರಿತ್ರೆ

ಶೇಗಾಂವ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಊರು. ಗಜಾನನ ಮಹಾರಾಜರ ಕ್ಷೇತ್ರವೆಂದು ಹೆಸರಾದ ವಿದರ್ಭದ ಶೇಗಾಂವ ಬೇರೆ. ಮುಂಗಾರಿನ ಮೋಡಗಳು ಸಹ್ಯಾದ್ರಿ ದಾಟಿ ಬರುವ ಹೊತ್ತಿಗೆ ಬರಿದಾಗಿರುತ್ತವೆ. ಜತ್ತ ಆ ಮಳೆನೆರಳಿನಲ್ಲಿ ಬಿದ್ದ ಸೀಮೆ. ದಕ್ಷಿಣಕ್ಕೆ ಬೆಳಗಾವಿ ಜಿಲ್ಲೆಯ ಅಥಣಿ, ಪೂರ್ವಕ್ಕೆ ವಿಜಯಪುರ ಜಿಲ್ಲೆ. ತಾಲ್ಲೂಕಿನ ಬಹಳಷ್ಟು ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಸಂತೆಯಲ್ಲಿ ಎರಡೂ. ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ಈ ಭಾಗದ ಕನ್ನಡದಲ್ಲಿರುವ ಹೆಸರು ಗುಳೆ. ಗುಳೆ ಹೋಗುವವರ ಮೇಲೆ ಬಿದ್ದ ಸಂಶಯಕ್ಕೂ ಅವರ ಕೈಯಲ್ಲಿ ಇಲ್ಲದ ಕಾಗದಕ್ಕೂ ಒಂದು ಚರಿತ್ರೆಯಿದೆ.

ಇಲ್ಲಿ ತಿರುಗಾಟ ಗಡಿಗಿಂತ ಹಳೆಯದು. ಜತ್ತ ತಾಲ್ಲೂಕಿನ ಮಾಡಗ್ಯಾಳದ ಹೆಸರು ಹೊತ್ತ ಕುರಿ ತಳಿ ದೇಶದಲ್ಲೆಲ್ಲ ಪ್ರಸಿದ್ಧ. ಕುರಿ ಸಾಕುವವರು ಮರಾಠಿಯಲ್ಲಿ ಧನಗರರು, ಕನ್ನಡದಲ್ಲಿ ಕುರುಬರು. ಹುಲ್ಲು ಮುಗಿದೊಡನೆ ಹೆಂಡತಿ, ಮಕ್ಕಳು, ನಾಯಿ, ಕುದುರೆಗಳೊಡನೆ ಕುರಿ ಹಿಂಡು ಹೊರಡುತ್ತಿತ್ತು. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲದ ಒಡೆಯ ಕಾಳು ಕೊಡುತ್ತಿದ್ದ, ಏಕೆಂದರೆ ಹಿಕ್ಕೆ ಬಿದ್ದ ನೆಲ ಮರುವರ್ಷ ಚೆನ್ನಾಗಿ ಬೆಳೆಯುತ್ತಿತ್ತು. ಅಲೆದು ಬಂದವನನ್ನು ಊರು ಕರೆದು ನಿಲ್ಲಿಸಿಕೊಳ್ಳುತ್ತಿದ್ದ ವ್ಯವಸ್ಥೆ ಇದು. ಭಕ್ತಿಯ ದಾರಿಯೂ ಹಾಗೆಯೇ. ಹನ್ನೆರಡನೆಯ ಶತಮಾನದ ಶರಣೆಯೆಂದು ಪೂಜೆಗೊಳ್ಳುವ ದಾನಮ್ಮನ ಗುಡಿ ಇರುವ ಗುಡ್ಡಾಪುರ ಇದೇ ತಾಲ್ಲೂಕಿನಲ್ಲಿದೆ. ಅಲ್ಲಿಗೆ ಪಾದಯಾತ್ರೆ ಬರುವ ಭಕ್ತರಲ್ಲಿ ದೊಡ್ಡ ಪಾಲು ಕರ್ನಾಟಕದವರು.

ಹೆಣ್ಣು ಕೊಟ್ಟು ತರುವ ನಂಟು ಇವೆರಡಕ್ಕಿಂತ ಗಟ್ಟಿ. ಅಥಣಿ, ಇಂಡಿ ಕಡೆಯ ಹೆಣ್ಣು ಜತ್ತಕ್ಕೆ ಸೊಸೆಯಾಗಿ ಬರುತ್ತಾಳೆ, ಜತ್ತದ ಹೆಣ್ಣು ಆ ಕಡೆ ಹೋಗುತ್ತಾಳೆ. ಜನಗಣತಿಯ ಲೆಕ್ಕದಲ್ಲಿ ಇವರೆಲ್ಲ ಅಂತರರಾಜ್ಯ ವಲಸಿಗರು. 2011ರ ಜನಗಣತಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರನ್ನು ಎಣಿಸಿತು. ರಾಜ್ಯದ ಗಡಿ ದಾಟಿದವರು ಅವರಲ್ಲಿ ಐದು ಕೋಟಿ ಚಿಲ್ಲರೆ ಮಾತ್ರ. ಊರು ಬದಲಿಸಿದ್ದಕ್ಕೆ ಅತಿ ಹೆಚ್ಚು ಜನ ಕೊಟ್ಟ ಕಾರಣ ಮದುವೆ. ವಲಸಿಗ ಎಂದೊಡನೆ ಗುರುತಿಲ್ಲದ ಗಂಡಸಿನ ಚಿತ್ರ ಕಣ್ಣ ಮುಂದೆ ಬರುತ್ತದೆ. ಅಂಕಿಗಳು ತೋರುವುದು ಗಂಡನ ಮನೆಗೆ ಬಂದ ಸೊಸೆಯನ್ನು.

ಗುಳೆಗೆ ಬೇರೆಯೇ ರೂಪ ಕೊಟ್ಟದ್ದು ಬರಗಾಲ. 1876ರಿಂದ 78ರ ಬರದಲ್ಲಿ ಪಕ್ಕದ ವಿಜಾಪುರ ಸೀಮೆ, ಆಗಿನ ಕಲಾದಗಿ ಜಿಲ್ಲೆ, ಮುಂಬಯಿ ಪ್ರಾಂತ್ಯದಲ್ಲೇ ಅತಿ ಹೆಚ್ಚು ನರಳಿದ ಕಡೆಗಳಲ್ಲಿ ಒಂದು. 1896-97ರಲ್ಲಿ ಮತ್ತೆ ಬರ, 1899-1900ರಲ್ಲಿ ಇನ್ನೊಂದು. ಜತ್ತ ಆಗ ಡಫಳೆ ಮನೆತನದ ಸಣ್ಣ ಸಂಸ್ಥಾನ. ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ, ಅಲ್ಲಿಂದ ಬ್ರಿಟಿಷ್ ಸೀಮೆಗೆ, ಕೃಷ್ಣಾ ದಂಡೆಗೆ ಜನ ನಡೆದರು. ಹಿಂತಿರುಗಿದವರು ಎಷ್ಟೋ, ದಾರಿಯಲ್ಲೇ ಉಳಿದವರು ಎಷ್ಟೋ.

ಅದೇ ಕಾಲದಲ್ಲಿ ಅಲೆಯುವುದನ್ನೇ ಅಪರಾಧದ ಲಕ್ಷಣವೆಂದು ಬಗೆದ ಕಾನೂನು ಬಂತು. ಈ ಚರಿತ್ರೆಯಲ್ಲಿ ಇದರಷ್ಟು ದೊಡ್ಡ ಅನ್ಯಾಯ ಬೇರೊಂದಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮೊದಲು ಉತ್ತರ ಭಾರತದಲ್ಲಿ ಜಾರಿಯಾಗಿ, 1911ರ ಹೊಸ ಕಾಯ್ದೆಯಿಂದ ಉಳಿದ ಪ್ರಾಂತ್ಯಗಳಿಗೂ ಹಬ್ಬಿತು. ಒಬ್ಬ ಮನುಷ್ಯ ಕಳ್ಳತನ ಮಾಡಿದ್ದಾನೆಯೇ ಎಂದು ಅದು ಕೇಳುತ್ತಿರಲಿಲ್ಲ. ಯಾವ ಕುಲದಲ್ಲಿ ಹುಟ್ಟಿದ ಎಂದಷ್ಟೇ ಕೇಳುತ್ತಿತ್ತು. ಪಟ್ಟಿಯಲ್ಲಿ ಸೇರಿದ ಕುಲದವರು ಪೊಲೀಸರ ಮುಂದೆ ಹಾಜರಿ ಹಾಕಬೇಕು, ಊರು ಬಿಡಲು ಪರವಾನಗಿ ಪಡೆಯಬೇಕು. ಹರಣಶಿಕಾರಿ, ಕೈಕಾಡಿ, ಘಂಟಿಚೋರ, ಛಪ್ಪರಬಂದ ಮೊದಲಾದವರು ಈ ಬಲೆಗೆ ಬಿದ್ದರು. ವಿಜಾಪುರ, ಸೊಲ್ಲಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇವರನ್ನು ಕೂಡಿಹಾಕಲು ಸೆಟ್ಲಮೆಂಟುಗಳು ಎದ್ದವು. ಬೇಟೆ, ಬುಟ್ಟಿ ಹೆಣಿಕೆ, ಚಪ್ಪರ ಕಟ್ಟುವುದು, ಹೇರು ಸಾಗಿಸುವುದು ಇವರ ಕಸುಬುಗಳಾಗಿದ್ದವು. ಅರಣ್ಯ ಕಾಯ್ದೆ ಬೇಟೆಯನ್ನು ಕಸಿಯಿತು, ರೈಲು ಹೇರನ್ನು ಕಸಿಯಿತು, ಉಳಿದ ಬರಿಗೈಯನ್ನು ಸರ್ಕಾರ ಕಳ್ಳನ ಕೈ ಎಂದು ಬರೆದುಕೊಂಡಿತು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆ ಸಮುದಾಯಗಳು ಈ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತವೆ. ಹುಬ್ಬಳ್ಳಿಯ, ಗದಗ-ಬೆಟಗೇರಿಯ ಬಡಾವಣೆಗಳಿಗೆ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಇಂದಿಗೂ ಅಂಟಿದೆ.

ಕಾಯ್ದೆ ಹೋದರೂ ಅದರ ನೋಟ ಉಳಿಯಿತು. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ, ಬದುಕುವ ದಾರಿ ಕಣ್ಣಿಗೆ ಕಾಣದೆ ಸಾರ್ವಜನಿಕ ಸ್ಥಳದಲ್ಲಿ ಅಲೆಯುವವರನ್ನೂ ಭಿಕ್ಷುಕರ ಸಾಲಿಗೆ ಸೇರಿಸಿತು. ವಿಮುಕ್ತ ಮತ್ತು ಅಲೆಮಾರಿ ಬುಡಕಟ್ಟುಗಳಿಗಾಗಿ ನೇಮಿಸಿದ ರೇಣಕೆ ಆಯೋಗ 2008ರಲ್ಲೂ ಇದಾತೆ ಆಯೋಗ 2018ರಲ್ಲೂ ವರದಿ ಕೊಟ್ಟವು. ಇವರಲ್ಲಿ ಬಹಳ ಜನರಿಗೆ ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ವಾಸದ ದಾಖಲೆ ಯಾವುದೂ ಇಲ್ಲವೆಂಬ ದೂರು ಎರಡರಲ್ಲೂ ಕೇಳಿಬಂತು. ಕೈಯಲ್ಲಿ ಕಾಗದವಿಲ್ಲದ ಈ ಜನ ಹುಟ್ಟಿದ್ದು ಇದೇ ನೆಲದಲ್ಲಿ.

ಇನ್ನು ಗಡಿಯ ಮಾತು. 1948ರಲ್ಲಿ ಜತ್ತ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂದು ಹೆಸರಾಯಿತು. 1956ರ ಅಕ್ಟೋಬರ್ 31ರವರೆಗೆ ಶೇಗಾಂವ, ಅಥಣಿ, ವಿಜಾಪುರ ಮೂರೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಮರುದಿನ ಬೆಳಗಾವಿ, ವಿಜಾಪುರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಜತ್ತದ ರೈತ ನಿನ್ನೆ ತುಳಿದ ದಾರಿಯಲ್ಲೇ ಇಂದು ತಂಗಿಯ ಊರಿಗೆ ಹೋದರೆ ಪರರಾಜ್ಯಕ್ಕೆ ಹೋದಂತಾಯಿತು. ಗೆರೆ ಜನರನ್ನು ದಾಟಿ ಹೋಗಿತ್ತು. ಗಡಿಯ ತಂಟೆ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಜತ್ತದ ಹಲವು ಹಳ್ಳಿಗಳನ್ನು ಮೈಸೂರಿಗೆ ಕೊಡಬೇಕೆಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ. 2012ರಲ್ಲಿ ಇಲ್ಲಿನ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದು ಮುಖ್ಯವಾಗಿ ನೀರಿಗಾಗಿ. ಅದು 2022ರಲ್ಲಿ ಮತ್ತೆ ಸುದ್ದಿಯಾಯಿತು.

ಜತ್ತದ ಗುಳೆಗೆ ಇಂದಿನ ರೂಪ ಬಂದದ್ದು ಸಕ್ಕರೆ ಕಾರ್ಖಾನೆಗಳಿಂದ. ಬೆಳಗಾವಿ ಜಿಲ್ಲೆಯ ಉಗಾರದ ಕಾರ್ಖಾನೆ ಸ್ವಾತಂತ್ರ್ಯಕ್ಕೆ ಮೊದಲೇ ಇತ್ತು. ಸ್ವಾತಂತ್ರ್ಯದ ನಂತರ ಕೃಷ್ಣಾ, ವಾರಣಾ, ಪಂಚಗಂಗಾ ಬಯಲಿನಲ್ಲಿ ಸಹಕಾರಿ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. ಅಲ್ಲಿ ಕಬ್ಬು, ಇಲ್ಲಿ ಕಬ್ಬು ಕಡಿಯುವ ಕೈ. ದಸರೆ ಕಳೆದು ದೀಪಾವಳಿ ಬರುವ ಹೊತ್ತಿಗೆ ಜತ್ತ, ಆಟಪಾಡಿ ಕಡೆಯ ಹಳ್ಳಿಗಳಿಂದ ಗ್ಯಾಂಗುಗಳು ಹೊರಡುತ್ತವೆ.

ಈ ಕಸುಬಿನಲ್ಲಿ ಆಳಿನ ಲೆಕ್ಕ ಕೊಯ್ತಾದಲ್ಲಿ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗಂಡ-ಹೆಂಡತಿ ಕೂಡಿದರೆ ಒಂದು ಕೊಯ್ತಾ, ಒಬ್ಬರೇ ಇದ್ದರೆ ಅರ್ಧ ಕೊಯ್ತಾ. ಗ್ಯಾಂಗು ಕೂಡಿಸುವ ಮುಕಾದಮ ಹಂಗಾಮಿಗೆ ಮೊದಲೇ ಉಚಲ್ ಎಂಬ ಮುಂಗಡ ಕೊಡುತ್ತಾನೆ. ಅದು ಸಾಲಕ್ಕೋ ಮದುವೆಗೋ ಆಗಲೇ ಖರ್ಚಾಗಿರುತ್ತದೆ. ಆಮೇಲೆ ಐದಾರು ತಿಂಗಳು ಟನ್ನಿನ ಲೆಕ್ಕದಲ್ಲಿ ಕಡಿದು ಅದನ್ನು ತೀರಿಸಬೇಕು. ನಸುಕಿನಲ್ಲಿ ಗಂಡ ಬುಡಕ್ಕೆ ಕತ್ತಿ ಹಾಕುತ್ತಾನೆ, ಹೆಂಡತಿ ರವದಿ ಸುಲಿದು ಸೋಗೆ ಸವರಿ ಕಟ್ಟು ಕಟ್ಟುತ್ತಾಳೆ. ಆ ಕಟ್ಟನ್ನು ತಲೆಯ ಮೇಲೆ ಹೊತ್ತು ಹಲಗೆ ಏರಿ ಲಾರಿಗೋ ಟ್ರಾಲಿಗೋ ತುಂಬಬೇಕು. ಕೆಲಸ ತಪ್ಪಿದ ದಿನಕ್ಕೆ ಖಾಡಾ ಎಂದು ದಂಡ. ಕೂಸು ಗದ್ದೆಯ ಬದುವಿನ ಮೇಲೆ, ಶಾಲೆಗೆ ಹೋಗಬೇಕಾದ ಮಗು ಆ ಕೂಸಿನ ಕಾವಲಿಗೆ. ಇಷ್ಟೆಲ್ಲದರ ಲೆಕ್ಕ ಇರುವುದು ಮುಕಾದಮನ ವಹಿಯಲ್ಲಿ. ಕಡಿಯುವವನ ಕೈಯಲ್ಲಿ ಚೀಟಿಯಿಲ್ಲ, ಕಾರ್ಖಾನೆಯ ಹಾಜರಿಯಲ್ಲಿ ಬಹುಮಟ್ಟಿಗೆ ಅವನ ಹೆಸರಿಲ್ಲ, ಹೆಂಡತಿಯ ಹೆಸರಂತೂ ಎಲ್ಲೂ ಇಲ್ಲ.

ಇದೇ ಬರದ ಸೀಮೆಯ ಇನ್ನೊಂದು ವಲಸೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಾಂಗಲಿ ಜಿಲ್ಲೆಯ ಖಾನಾಪುರ-ವಿಟಾ, ಆಟಪಾಡಿ ಕಡೆಯ ಕುಟುಂಬಗಳು ಚಿನ್ನ-ಬೆಳ್ಳಿ ಕರಗಿಸಿ ಶುದ್ಧಮಾಡುವ ಗಲಾಯಿ ಕಸುಬು ಹಿಡಿದು ದೇಶದ ಮೂಲೆಮೂಲೆಯ ಸರಾಫ ಕಟ್ಟೆಗಳನ್ನು ಸೇರಿದವು. ಪರ ಊರಿನಲ್ಲಿ, ಪರ ಭಾಷೆಯ ನಡುವೆ, ಅಪರಿಚಿತರು ಇವರ ಕೈಗೆ ಚಿನ್ನ ಕೊಡುತ್ತಾರೆ. ಇವರನ್ನು ಯಾರೂ ಗುಳೆಯವರು ಎನ್ನುವುದಿಲ್ಲ, ವ್ಯಾಪಾರಸ್ಥರು ಎನ್ನುತ್ತಾರೆ. ಊರು ಬಿಡಿಸಿದ ಬರ ಇಬ್ಬರಿಗೂ ಒಂದೇ. ಗೌರವ ನಿಂತದ್ದು ಕೈಯಲ್ಲಿದ್ದ ಬಂಡವಾಳದ ಮೇಲೆ.

ಹಾಗೆ ಬಂಡವಾಳವಿಲ್ಲದೆ ಹೋದ ಕನ್ನಡಿಗರು ಅವಮಾನ ಉಂಡ ಜಾಗ ಗೋವಾ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯ ಗೌಂಡಿಗಳು, ಕೂಲಿಗಳು, ಮನೆಗೆಲಸದ ಹೆಂಗಸರು ಅಲ್ಲಿನ ರಸ್ತೆ, ಬಂದರು, ಮನೆ ಕಟ್ಟಿದರು. ಘಟ್ಟದ ಮೇಲಿಂದ ಬಂದವರೆಂದು ಅವರಿಗೆ ‘ಘಾಟಿ’ ಎಂಬ ಹೀನಾಯದ ಹೆಸರು ಬಿತ್ತು. 2004ರಲ್ಲಿ ವಾಸ್ಕೋದ ಬೈನಾದಲ್ಲಿ ಗುಡಿಸಲುಗಳು ನೆಲಸಮವಾದಾಗ ಬೀದಿಗೆ ಬಿದ್ದವರಲ್ಲಿ ಕನ್ನಡ ಕುಟುಂಬಗಳೂ ಇದ್ದವು. ಹೊರಗಿನವರಿಂದ ಅಪರಾಧ ಹೆಚ್ಚುತ್ತದೆ, ಅವರು ನಮ್ಮ ಸವಲತ್ತು ತಿನ್ನುತ್ತಾರೆ ಎಂಬ ಮಾತು ಬೆಂಗಳೂರಿನಲ್ಲೂ ಕೇಳುತ್ತದೆ, ಅಮೆರಿಕದಲ್ಲೂ ಕೇಳುತ್ತದೆ. ಟೆಕ್ಸಾಸ್ ರಾಜ್ಯದ 2012ರಿಂದ 2018ರವರೆಗಿನ ಬಂಧನದ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಗಂಭೀರ ಅಪರಾಧಗಳಲ್ಲಿ ಬಂಧನದ ಪ್ರಮಾಣ ಅಲ್ಲೇ ಹುಟ್ಟಿದ ನಾಗರಿಕರಿಗಿಂತ ದಾಖಲೆಯಿಲ್ಲದ ವಲಸಿಗರಲ್ಲಿ ಬಹಳ ಕಡಿಮೆಯೆಂದು ಅದು ಕಂಡಿತು. ಇನ್ನು ಸವಲತ್ತಿನ ಮಾತು. ಊರಿನಲ್ಲಿ ಪಡಿತರ ಚೀಟಿ ಬಿಟ್ಟುಬಂದ ಕಬ್ಬು ಕಡಿಯುವವನು ಬಿಡಾರದಲ್ಲಿ ಅಂಗಡಿ ದರಕ್ಕೆ ಅಕ್ಕಿ ಕೊಂಡು ತಿನ್ನುತ್ತಿದ್ದ. ತಿಂದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು.

ಸುಧಾರಣೆ ನಡೆದದ್ದು ಎರಡು ದಾರಿಯಲ್ಲಿ. ಊರು ಬಿಡುವ ಗತಿ ಬಾರದಂತೆ ಮಾಡುವುದು ಒಂದು. ವಿ. ಸ. ಪಾಗೆಯವರು ರೂಪಿಸಿ ಸಾಂಗಲಿ ಜಿಲ್ಲೆಯ ತಾಸಗಾಂವದಲ್ಲಿ ಮೊದಲು ಪ್ರಯೋಗ ಮಾಡಿದ ಉದ್ಯೋಗ ಖಾತರಿಯ ಯೋಜನೆ 1972ರ ಬರದಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. 1977ರಲ್ಲಿ ಅದು ಕಾಯ್ದೆಯಾಗಿ, 2005ರ ಕೇಂದ್ರ ಕಾಯ್ದೆಗೆ ಮಾದರಿಯಾಯಿತು. ಮ್ಹೈಸಾಳ ಏತ ನೀರಾವರಿಯ ನೀರು ತಲುಪಿದ ಕಡೆ ದ್ರಾಕ್ಷಿ, ದಾಳಿಂಬೆ ತೋಟಗಳು ಎದ್ದು ಕೆಲಸ ಊರಿಗೇ ಬಂತು.

ಎರಡನೆಯ ದಾರಿ, ಹೋದವರಿಗೆ ರಕ್ಷಣೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನಿಗೆ ಲೈಸೆನ್ಸನ್ನೂ ಕೂಲಿಕಾರನಿಗೆ ಭಾವಚಿತ್ರವಿರುವ ಪಾಸ್‌ಬುಕ್ಕನ್ನೂ ಕಡ್ಡಾಯ ಮಾಡಿತು. ಪ್ರಯಾಣ ಭತ್ಯೆಯನ್ನೂ ಸೇರಿಸಿತು. ಕಾಗದದ ಮೇಲೆ ಒಳ್ಳೆಯ ಕಾಯ್ದೆ. ಆದರೆ ಅದು ಅನ್ವಯಿಸಿದ್ದು ಗುತ್ತಿಗೆದಾರನ ಮೂಲಕ ರಾಜ್ಯದ ಗಡಿ ದಾಟಿದವರಿಗೆ. ಜತ್ತದ ಜೋಡಿ ಅಥಣಿಯ ಗದ್ದೆಯಲ್ಲಿ ಕಡಿದರೆ ಕಾಯ್ದೆಯೊಳಗೆ, ಅದಕ್ಕಿಂತ ದೂರದ ಕೊಲ್ಹಾಪುರದ ಗದ್ದೆಯಲ್ಲಿ ಕಡಿದರೆ ಕಾಯ್ದೆಯ ಹೊರಗೆ. ಒಳಗಿದ್ದವರಿಗೂ ಪಾಸ್‌ಬುಕ್ಕು ಸಿಕ್ಕದ್ದು ಅಪರೂಪ. 2020ರ ಲಾಕ್‌ಡೌನಿನಲ್ಲಿ ಲಕ್ಷಾಂತರ ಜನ ಹೆದ್ದಾರಿಗಳಲ್ಲಿ ನಡೆದಾಗ ಸರ್ಕಾರಗಳ ಬಳಿ ಅವರ ಪಟ್ಟಿಯೇ ಇರಲಿಲ್ಲ. 2021ರ ಜೂನ್ 29ರಂದು ಸುಪ್ರೀಂ ಕೋರ್ಟು ಅಸಂಘಟಿತ ಕಾರ್ಮಿಕರ ನೋಂದಣಿಗೆ ಆದೇಶಿಸಿತು. ಯಾವ ರಾಜ್ಯದಲ್ಲಾದರೂ ಪಡಿತರ ಕೊಡುವ ‘ಒಂದು ದೇಶ ಒಂದು ಪಡಿತರ ಚೀಟಿ’ ಎಲ್ಲ ರಾಜ್ಯಗಳಲ್ಲೂ ಜಾರಿಯಾಗಬೇಕೆಂದಿತು. ಆಗಸ್ಟಿನಲ್ಲಿ ಆ ನೋಂದಣಿಯ ಇ-ಶ್ರಮ ಪೋರ್ಟಲ್ ಬಂತು. 1979ರ ಕಾಯ್ದೆಯ ಜಾಗಕ್ಕೆ ಬಂದ 2020ರ ಕಾರ್ಮಿಕ ಸಂಹಿತೆ ತಾನಾಗಿ ಬಂದ ವಲಸಿಗನನ್ನೂ ಎಣಿಕೆಗೆ ತಂದಿತು, ಅಷ್ಟು ಮಟ್ಟಿಗೆ ಅದು ಮುಂದಿನ ಹೆಜ್ಜೆ. ಆದರೆ ಕಾನೂನು ಅನ್ವಯಿಸಲು ಕನಿಷ್ಠ ಐದು ವಲಸೆ ಕಾರ್ಮಿಕರಿರಬೇಕೆಂದಿದ್ದ ಮಿತಿಯನ್ನು ಹತ್ತಕ್ಕೆ ಏರಿಸಿದ್ದರಿಂದ ಸಣ್ಣ ಗ್ಯಾಂಗುಗಳು ಜಾರಿಹೋಗುವ ಕಿಂಡಿಯೊಂದು ತೆರೆಯಿತು.

ಗಡಿ ದಾಟಿದ ಸೊಸೆಯ ಕಷ್ಟಕ್ಕೆ ಇನ್ನೂ ಪರಿಹಾರವಿಲ್ಲ. ಕುರುಬರ ಹೆಣ್ಣು ಕರ್ನಾಟಕದಲ್ಲಿ ಹಿಂದುಳಿದ ವರ್ಗ 2ಎ. ಗಡಿಯಾಚೆ ಧನಗರರು ಭಟಕ್ಯಾ ಜಮಾತಿಗಳ, ಎಂದರೆ ಅಲೆಮಾರಿ ಬುಡಕಟ್ಟುಗಳ, ಪಟ್ಟಿಯಲ್ಲಿದ್ದಾರೆ. ಒಂದು ರಾಜ್ಯದ ಪರಿಶಿಷ್ಟ ಜಾತಿ, ಪಂಗಡಗಳ ಸ್ಥಾನಮಾನ ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲೇ ತೀರ್ಪಿತ್ತಿದೆ. ತವರಿನ ಕಾಗದ ಗಂಡನ ಮನೆಯಲ್ಲಿ ನಡೆಯದು.

ಕಬ್ಬಿನ ಹಂಗಾಮು ಯಾವಾಗ ಶುರುವಾಗುತ್ತದೆ, ಯಾವ ಊರಿನ ಗ್ಯಾಂಗು ಯಾವ ಕಾರ್ಖಾನೆಗೆ ಹೋಗುತ್ತದೆ ಎಂಬುದು ಮುಕಾದಮನಿಗೂ ಕಾರ್ಖಾನೆಗೂ ಮೊದಲೇ ಗೊತ್ತಿರುತ್ತದೆ. ಗ್ರಾಮ ಪಂಚಾಯಿತಿಗೂ ಅದು ಗೊತ್ತಿರಬೇಕು. ಟ್ರ್ಯಾಕ್ಟರ್ ಊರಗಸಿ ದಾಟುವ ಮೊದಲೇ ಗಂಡ, ಹೆಂಡತಿ, ಮಕ್ಕಳ ಹೆಸರು ಬರೆದು ಗುರುತಿನ ಚೀಟಿ ಅವರ ಕೈಗೆ ಕೊಡಲಿ, ಅದರ ಪ್ರತಿ ಕಾರ್ಖಾನೆ ಇರುವ ಊರಿನ ಶಾಲೆಗೂ ದವಾಖಾನೆಗೂ ಮುಟ್ಟಲಿ.