ಕುದುರೆ ಲಾಯದಲ್ಲಿ ಎದ್ದ ಪ್ರಶ್ನೆ

ಬೆಳಗಾವಿ ಜಿಲ್ಲೆಯ ರಾಯಬಾಗ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ ಊರು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಅದು ಬೆಳಗಾವಿಯ ಪಾಲಾಯಿತು. ಹೀಗಾಗಿ ಕೊಲ್ಹಾಪುರದ ದೊರೆ ಶಾಹೂ ಮಹಾರಾಜರ (1874–1922) ಆಜ್ಞೆಗಳು ಇಲ್ಲಿಗೂ ಅನ್ವಯಿಸುತ್ತಿದ್ದವು.

ಮಹಾರಾಜರ ಕುರಿತು ಒಂದು ಪ್ರಸಿದ್ಧ ಕಥೆಯಿದೆ. ಜಾತಿ ನೋಡಿ ಸವಲತ್ತು ಕೊಡುವುದು ತಪ್ಪು, ಯೋಗ್ಯತೆಯೊಂದನ್ನೇ ನೋಡಬೇಕು ಎಂದು ಸಾಂಗಲಿಯ ವಕೀಲ ಗಣಪತರಾವ ಅಭ್ಯಂಕರರು ವಾದಿಸಿದರಂತೆ. ಮಹಾರಾಜರು ಅವರನ್ನು ಕುದುರೆ ಲಾಯಕ್ಕೆ ಕರೆದೊಯ್ದರು. ಕುದುರೆಗಳ ಬಾಯಿಗೆ ಬೇರೆ ಬೇರೆಯಾಗಿ ಕಟ್ಟಿದ್ದ ಕಡಲೆ ಚೀಲಗಳನ್ನು ಬಿಚ್ಚಿಸಿ, ಎಲ್ಲವನ್ನೂ ಒಂದೇ ಜಮಖಾನೆಯ ಮೇಲೆ ಸುರಿಸಿದರು. ಗಟ್ಟಿ ಕುದುರೆಗಳು ನುಗ್ಗಿ ಮುಕ್ಕಿದವು. ಮರಿಗಳು, ಮುದಿಯಾದವು, ರೋಗದವು ಹಿಂದೆಯೇ ಉಳಿದವು.

ಕಥೆಗೆ ರೆಕ್ಕೆಪುಕ್ಕ ಸೇರಿರಬಹುದು. ಆದರೆ 1902ರ ಜುಲೈ 26ರ ಆಜ್ಞೆ ಕಾಗದದ ಮೇಲಿದೆ: ಸಂಸ್ಥಾನದ ನೌಕರಿಗಳಲ್ಲಿ ಖಾಲಿಯಾಗುವ ಜಾಗಗಳಲ್ಲಿ ಶೇಕಡಾ 50 ಹಿಂದುಳಿದವರಿಗೆ. 1917ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು.

ಅಭ್ಯಂಕರರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮನುಷ್ಯ ಸ್ವತಂತ್ರನಾದರೆ ಹುಟ್ಟಿದ ಮನೆಯ ನೆಪ ಏಕೆ? ಹುಟ್ಟೇ ಎಲ್ಲವನ್ನೂ ತೀರ್ಮಾನಿಸುವುದಾದರೆ ತಪ್ಪಿತಸ್ಥನನ್ನು ದೂರುವುದಾದರೂ ಹೇಗೆ? ಲಾಯದ ಜಗಳಕ್ಕೂ ಯೆಹೂದ್ಯರಿಗೂ ಸಂಬಂಧವಿಲ್ಲ. ಆದರೂ ಈ ಗಂಟನ್ನು ಅವರ ಪಂಡಿತರು ಶತಮಾನಗಳಿಂದ ಬಿಡಿಸುತ್ತ ಬಂದಿದ್ದಾರೆ.

ಅವರ ತಾಲ್ಮುಡ್ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಗರ್ಭ ನಿಲ್ಲುವ ಹೊತ್ತಿಗೆ ಒಬ್ಬ ದೇವದೂತ ಆ ಬಿಂದುವನ್ನು ದೇವರ ಮುಂದಿಟ್ಟು ಕೇಳುತ್ತಾನೆ: ಇವನು ಬಲಶಾಲಿಯೋ ದುರ್ಬಲನೋ, ಜಾಣನೋ ದಡ್ಡನೋ, ಸಿರಿವಂತನೋ ಬಡವನೋ? ಸಜ್ಜನನೋ ದುರ್ಜನನೋ ಎಂದು ಮಾತ್ರ ಕೇಳುವುದಿಲ್ಲ. ಅದು ಮನುಷ್ಯನ ಕೈಯಲ್ಲಿದೆ. ಅಂದರೆ ಹೊರಡುವ ಜಾಗ ಸಮವಲ್ಲ ಎಂಬುದನ್ನು ಆ ಪಂಡಿತರು ಮೊದಲೇ ಒಪ್ಪಿಕೊಂಡಿದ್ದರು. 12ನೆಯ ಶತಮಾನದ ತತ್ವಜ್ಞಾನಿ, ವೈದ್ಯ ಮೈಮೊನಿಡಿಸ್ ಇನ್ನೂ ಖಚಿತವಾಗಿ ಹೇಳಿದ: ಒಳ್ಳೆಯವನಾಗುವ, ಕೆಟ್ಟವನಾಗುವ ಅಧಿಕಾರ ಪ್ರತಿಯೊಬ್ಬನಿಗೂ ಇದೆ, ಇಲ್ಲದಿದ್ದರೆ ಧರ್ಮದ ಆಜ್ಞೆಗಳಿಗೆ ಅರ್ಥವೇ ಇಲ್ಲ.

20ನೆಯ ಶತಮಾನದ ರಬ್ಬಿ ಎಲಿಯಾಹು ಡೆಸ್ಲರ್ (1892–1953) ಎರಡನ್ನೂ ಜೋಡಿಸಿದರು. ಅವರ ಪ್ರಕಾರ ಪ್ರತಿಯೊಬ್ಬನಿಗೂ ಆಯ್ಕೆಯ ಒಂದು ಬಿಂದು ಇದೆ. ಸತ್ಯವೂ ಆಸೆಯೂ ಸಮಬಲವಾಗಿ ಸೆಣಸುವುದು ಅಲ್ಲಿ ಮಾತ್ರ. ಕಳ್ಳರ ನಡುವೆ ಬೆಳೆದವನಿಗೆ ಕದಿಯಬೇಕೋ ಬೇಡವೋ ಎಂಬ ತೊಳಲಾಟ ಏಳುವುದೇ ಇಲ್ಲ. ಸಿಕ್ಕಿಬಿದ್ದಾಗ ಕೊಲ್ಲಬೇಕೋ ಬೇಡವೋ ಎಂಬಲ್ಲಿ ಅವನ ಹೋರಾಟ ಶುರುವಾಗಬಹುದು. ಹಾಗಾದರೆ ಅಳೆಯಬೇಕಾದದ್ದು ಏರಿದ ಎತ್ತರವನ್ನಲ್ಲ, ಹೊರಟಲ್ಲಿಂದ ನಡೆದ ದೂರವನ್ನು.

ಆದರೆ ಅದೇ ತಾಲ್ಮುಡ್ಡಿನಲ್ಲಿ ಬಡವರಿಗೆ ಕಠಿಣವಾದ ಕಥೆಯೂ ಒಂದಿದೆ. ಹಿಲ್ಲೆಲ್ ಎಂಬ ಬಡ ಕೂಲಿಕಾರ ದಿನದ ಗಳಿಕೆಯ ಅರ್ಧವನ್ನು ಪಾಠಶಾಲೆಯ ಬಾಗಿಲು ಕಾಯುವವನಿಗೆ ಕೊಟ್ಟು ಒಳಗೆ ಹೋಗುತ್ತಿದ್ದ. ಒಂದು ದಿನ ಕೂಲಿ ಸಿಗಲಿಲ್ಲ, ಒಳಗೆ ಬಿಡಲಿಲ್ಲ. ಚಾವಣಿ ಹತ್ತಿ ಬೆಳಕಿಂಡಿಗೆ ಕಿವಿಗೊಟ್ಟು ಕುಳಿತ. ಬೆಳಗಾಗುವಷ್ಟರಲ್ಲಿ ಅವನ ಮೇಲೆ ಹಿಮ ಬಿದ್ದು ಮುಚ್ಚಿತ್ತು. ಒಳಗಿದ್ದ ಗುರುಗಳು ಕಿಂಡಿಯಲ್ಲಿ ಆಕಾರವೊಂದನ್ನು ಕಂಡು ಅವನನ್ನು ಕೆಳಗಿಳಿಸಿ ಬದುಕಿಸಿದರು. ಮುಂದೆ ಅವನು ದೊಡ್ಡ ಪಂಡಿತನಾದ. ಓದಲಾಗದ್ದಕ್ಕೆ ಬಡತನದ ಕಾರಣ ಹೇಳುವವನಿಗೆ, ನೀನು ಹಿಲ್ಲೆಲ್‌ಗಿಂತ ಬಡವನೇ ಎಂದು ಪರಲೋಕದ ನ್ಯಾಯಸ್ಥಾನದಲ್ಲಿ ಕೇಳುತ್ತಾರೆ ಎನ್ನುತ್ತದೆ ಆ ಕಥೆ.

ಅಭ್ಯಂಕರರಿಗೆ ಇದು ಗೊತ್ತಿದ್ದರೆ ಲಾಯದಲ್ಲಿ ಖಂಡಿತ ಹೇಳುತ್ತಿದ್ದರು. ಹಿಲ್ಲೆಲ್‌ನ ಸಾಹಸವೇನೋ ದೊಡ್ಡದು; ಆದರೆ ಅವನಂತೆ ಎಷ್ಟು ಮಂದಿ ಚಾವಣಿ ಹತ್ತಿಯಾರು? ಅವನು ಬದುಕಿದ ಮೇಲೆ ಬಾಗಿಲ ಶುಲ್ಕ ರದ್ದಾಯಿತೆಂದು ಕಥೆ ಹೇಳುವುದಿಲ್ಲ. ಕೊಲ್ಹಾಪುರದಲ್ಲಿ ಶುಲ್ಕ ತೆಗೆದರು. ಮಗುವನ್ನು ಶಾಲೆಗೆ ಕಳಿಸದ ಪಾಲಕರಿಗೆ ದಂಡವನ್ನೂ ಹಾಕಿದರು.