ರಾತ್ರಿ ಎರಡು ಗಂಟೆಯ ಅಪ್‌ಡೇಟ್

ನಮ್ಮ ಚಿಂತಾಮಣಿ ಕಡೆ ರಾತ್ರಿ ಎರಡು ಗಂಟೆಗೆ ಎದ್ದು ಕೂತಿರುವವರು ಎರಡೇ ಜಾತಿ ಅಂತ ನಾನು ತಮಾಷೆ ಮಾಡುತ್ತಿದ್ದ ಕಾಲ ಒಂದಿತ್ತು. ಒಬ್ಬರು, ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೋ ಅಂತ ತೋಟದ ಮನೆಯಲ್ಲಿ ಕಾಯುವ ರೈತರು. ಇನ್ನೊಬ್ಬರು, ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡ ನನ್ನಂಥವರು :-)

ರೈತರ ಕಥೆ ಗೊತ್ತಿರುವುದೇ. ನಮ್ಮದು ಸ್ವಲ್ಪ ಬಿಡಿಸಿ ಹೇಳಬೇಕು.

ಲಿನಕ್ಸ್ ನಮ್ಮ ಕಡೆಗೆ ಬಂದದ್ದು ತಂತಿಯಲ್ಲಲ್ಲ, ಸಿಡಿಯಲ್ಲಿ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಟ್ಟಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2003ರಲ್ಲಿ ಲಿನಕ್ಸ್ ಫಾರ್ ಯೂ ಪತ್ರಿಕೆ ಶುರುವಾಯಿತು. 2004ರ ಅಕ್ಟೋಬರಿನಲ್ಲಿ ಉಬುಂಟು ಬಂದ ಮೇಲಂತೂ ವಿಳಾಸ ಕೊಟ್ಟರೆ ಸಾಕು, ಸಿಡಿ ಪುಕ್ಕಟೆಯಾಗಿ ಅಂಚೆಯಲ್ಲಿ ಮನೆಗೇ ಬರುತ್ತಿತ್ತು. ಈ ವ್ಯವಸ್ಥೆ 2011ರವರೆಗೂ ನಡೆಯಿತು. ಹೊಸ ಆವೃತ್ತಿ ಬಂತು ಅಂದರೆ ಪೋಸ್ಟ್‌ಮ್ಯಾನ್ ಬಂದ ಅಂತ ಅರ್ಥ!

ಆದರೆ ಸಿಡಿಯಲ್ಲಿದ್ದದ್ದು ಅದನ್ನು ಒತ್ತಿದ ದಿನದ ತಂತ್ರಾಂಶ. ಆಮೇಲೆ ಸಿಕ್ಕ ಲೋಪಗಳಿಗೆ ತೇಪೆ ಬೇಕಾದರೆ ಅಂತರ್ಜಾಲವೇ ಗತಿ. ಡಯಲಪ್ ಮೋಡೆಮಿನಲ್ಲಿ ಸೆಕೆಂಡಿಗೆ ನಾಲ್ಕೈದು ಕಿಲೋಬೈಟ್ ಬಂದರೆ ಪುಣ್ಯ. ಐವತ್ತು ಎಂಬಿ ಅಪ್‌ಡೇಟ್ ಅಂದರೆ ಮೂರು ಗಂಟೆ ಫೋನ್ ಬಿಲ್ಲು. ಯಾರು ಮಾಡುತ್ತಾರೆ ಹೇಳಿ?

2005ರ ಜನವರಿಯಲ್ಲಿ ಬಿಎಸ್ಎನ್ಎಲ್ ಡಾಟಾಒನ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ತಡವಾಗಿಯಾದರೂ ನಮ್ಮೂರಿಗೂ ಬಂತು. ಅದರ 500 ರೂಪಾಯಿಯ ಪ್ಲಾನ್ ನೆನಪಿದೆಯಾ? ಹಗಲು ಬಳಸಿದ್ದಕ್ಕೆಲ್ಲ ಲೆಕ್ಕ, ಬೆಳಗಿನ ಜಾವ 2ರಿಂದ 8ರವರೆಗೆ ಲೆಕ್ಕವೇ ಇಲ್ಲ. 256 ಕೆಬಿಪಿಎಸ್ ವೇಗದಲ್ಲಿ ಆರು ಗಂಟೆಗೆ ಸುಮಾರು ಒಂದು ಸಿಡಿಯಷ್ಟು ಸರಕು. ಎರಡಕ್ಕೆ ಎದ್ದು ಆಜ್ಞೆ ಕೊಟ್ಟು ಮಲಗುವುದು ಕೆಲವು ದಿನ ನಡೆಯಿತು. ಆಮೇಲೆ ಕ್ರಾನ್‌ನಲ್ಲಿ 2 ಗಂಟೆ 5 ನಿಮಿಷಕ್ಕೆ ಅಂತ ಬರೆದಿಟ್ಟು ನೆಮ್ಮದಿಯಾಗಿ ಮಲಗಿದೆ.

ರೈತರೂ ಇದನ್ನೇ ಮಾಡಿದ್ದರು. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್. ಕರೆಂಟ್ ಬಂದ ತಕ್ಷಣ ಮೋಟಾರು ತಾನೇ ಓಡುತ್ತೆ, ರಾತ್ರಿ ಕತ್ತಲಲ್ಲಿ ಹಾವು ತುಳಿಯುವ ಭಯವಿಲ್ಲ.

ಈ ಆಟೋ ಸ್ಟಾರ್ಟರ್ ಲಿನಕ್ಸಿಗೆ ಬಂದ ದಾರಿ ಉದ್ದದ್ದು. 1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಆರಂಭಿಸಿದರು. ಅಲ್ಲಿ ಪ್ಯಾಕೇಜು ಬಿಚ್ಚಿ ಕೂರಿಸುವ ಕೆಲಸ ಡಿಪಿಕೆಜಿಯದು. ಆದರೆ ಒಂದು ಪ್ಯಾಕೇಜು ಹಾಕಲು ಹೋದರೆ ಅದು ಇನ್ನೆರಡನ್ನು ಕೇಳುತ್ತೆ, ಅವು ಮತ್ತೆ ನಾಲ್ಕನ್ನು. ಅವನ್ನೆಲ್ಲ ತಾನೇ ಹುಡುಕಿ ತರುವ ಆಪ್ಟ್ ಬಂದದ್ದು 1999ರ ಮಾರ್ಚಿನ ಡೆಬಿಯನ್ 2.1ರಲ್ಲಿ. ರೆಡ್‌ಹ್ಯಾಟ್ ಕಡೆಯವರಿಗೆ ಯಮ್ ಬಂತು. ಬಂದ ಪ್ಯಾಕೇಜು ನಿಜವಾಗಿ ಡೆಬಿಯನ್ನಿಂದಲೇ ಬಂದದ್ದಾ ಅಂತ ಆಪ್ಟ್ ಸಹಿ ನೋಡಿ ಖಾತ್ರಿ ಮಾಡಿಕೊಳ್ಳಲು ಶುರುಮಾಡಿದ್ದು 2007ರ ಆವೃತ್ತಿಯಲ್ಲಿ. ಈ ಸಹಿ ಇಲ್ಲದೆ ಮಲಗಿದ್ದಾಗ ಅಪ್‌ಡೇಟ್ ಮಾಡಿಸಿಕೊಳ್ಳುವುದು ಬಾಗಿಲು ತೆರೆದಿಟ್ಟು ಮಲಗಿದ ಹಾಗೇ. ಕೇಳದೆ ತಾನೇ ಭದ್ರತೆಯ ತೇಪೆ ಹಾಕುವ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಅನ್ನು ಉಬುಂಟುವಿನ ಮೈಕೆಲ್ ವೋಗ್ಟ್ ಬರೆದರು. ಉಬುಂಟು 16.04ರಿಂದ, ಅಂದರೆ 2016ರಿಂದ, ಅದು ಮೊದಲೇ ಆನ್ ಆಗಿರುತ್ತೆ.

ನಮ್ಮ ಕಡೆ ಆಟೋ ಸ್ಟಾರ್ಟರ್ ತಂದ ತೊಂದರೆ ಏನು ಗೊತ್ತಾ? ಕರೆಂಟ್ ಬಂದ ಕ್ಷಣಕ್ಕೆ ಊರಿನ ಎಲ್ಲ ಮೋಟಾರೂ ಒಟ್ಟಿಗೆ ಎದ್ದು ಟಿಸಿ ಸುಟ್ಟು ಹೋಗುತ್ತೆ. ಡೆಬಿಯನ್ನಿನವರಿಗೂ ಇದೇ ಕಷ್ಟ. ಅದರಲ್ಲಿ ದಿನದ ಕೆಲಸಗಳು ಬೆಳಗ್ಗೆ 6:25ಕ್ಕೆ ಶುರುವಾಗುತ್ತಿದ್ದವು. ಎಲ್ಲ ಯಂತ್ರಗಳೂ ಅದೇ ನಿಮಿಷಕ್ಕೆ ಸರ್ವರ್ ಬಾಗಿಲು ಬಡಿದರೆ? ಅದಕ್ಕೇ ಅರ್ಧ ಗಂಟೆಯೊಳಗೆ ಮನಸ್ಸಿಗೆ ಬಂದಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಹೋಗು ಅಂತ ಬರೆದರು. ಸಿಸ್ಟಮ್‌ಡಿ ಕಾಲದಲ್ಲಿ ಈ ತಡ ಹನ್ನೆರಡು ಗಂಟೆಯವರೆಗೂ ಹೋಯಿತು. ಟಿಸಿ ಸುಡುವ ನಮ್ಮೂರಿನಲ್ಲಿ ಇದನ್ನು ಕೇಳಿದವರು ‘ಬುದ್ಧಿವಂತರು ಕಣಯ್ಯಾ’ ಅಂದರು.

ಇಷ್ಟೆಲ್ಲ ಒದ್ದಾಟ ಯಾಕೆ ಅಂತೀರಾ? ನನಗೆ ಮೊದಲ ಕಾರಣ ಕನ್ನಡ. ಆಗ ಒಂದೊಂದು ತಂತ್ರಾಂಶದಲ್ಲಿ ‘ಶಿಡ್ಲಘಟ್ಟ’ ಅಂತ ಬರೆದರೆ ತೆರೆಯ ಮೇಲೆ ‘ಶಿಡ್‌ಲಘಟ್‌ಟ’ ಅಂತ ಒತ್ತಕ್ಷರ ಬಿಚ್ಚಿಕೊಂಡು ಕೂರುತ್ತಿತ್ತು. ಚಿಕ್ಕಬಳ್ಳಾಪುರದ ಗತಿಯೂ ಅದೇ. ಅಪ್‌ಡೇಟ್ ಆದ ಒಂದು ಬೆಳಗ್ಗೆ ಏಳುವಷ್ಟರಲ್ಲಿ ಒತ್ತುಗಳು ತಮ್ಮ ಜಾಗಕ್ಕೆ ಬಂದು ಕೂತಿದ್ದವು. ಆ ಖುಷಿ ಈಗಿನವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ.

ಕೆಡಿಸಿದ್ದೂ ಇದೆ. ಒಂದು ರಾತ್ರಿ ಡಿಪಿಕೆಜಿ ಅರ್ಧ ಬಿಚ್ಚಿದ್ದಾಗ ಕರೆಂಟ್ ಹೋಗಿ, ಬೆಳಗ್ಗೆ ಯಂತ್ರ ಕಪ್ಪು ತೆರೆಗೆ ನಿಂತಿತ್ತು. ಅರ್ಧಕ್ಕೆ ನಿಂತದ್ದನ್ನು ಮುಗಿಸುವ ಆಜ್ಞೆ ಇದೆ ಅಂತ ಗೊತ್ತಾಗುವ ಹೊತ್ತಿಗೆ ಎಲ್ಲ ಅಳಿಸಿ ಹೊಸದಾಗಿ ಹಾಕಿದ್ದೆ. ಯುಪಿಎಸ್ ಕೊಂಡದ್ದು ಆಮೇಲೆ.

ಅದು ಚಿಲ್ಲರೆ. ದೊಡ್ಡದು 2008ರ ಮೇ ತಿಂಗಳದ್ದು. ಡೆಬಿಯನ್ನಿನವರು 2006ರಲ್ಲಿ ಓಪನ್ ಎಸ್ಎಸ್ಎಲ್‌ನಲ್ಲಿ ಮಾಡಿದ ಒಂದು ತಿದ್ದುಪಡಿಯಿಂದ, ಯಂತ್ರ ಹುಟ್ಟಿಸುವ ಗುಪ್ತ ಕೀಲಿಗಳ ಸಂಖ್ಯೆ ಒಂದೊಂದು ಬಗೆಗೆ 32,767ಕ್ಕೆ ಇಳಿದುಬಿಟ್ಟಿತ್ತು. ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿದರೆ ಬೀಗ ತೆಗೆಯುತ್ತೆ! ಸಹಿ ಸರಿ, ದಾರಿ ಸರಿ, ಒಳಗಿನ ಸರಕೇ ಕೆಟ್ಟದ್ದು. ಮೋಟಾರು, ಪೈಪು ಎಲ್ಲ ಚೆನ್ನಾಗಿದ್ದು ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವ ಹಾಗೆ. ಇದರ ಪರಿಹಾರವೂ ಅದೇ ಅಪ್‌ಡೇಟ್ ದಾರಿಯಲ್ಲೇ ಬಂತು, ಆದರೆ ಹಳೆಯ ಕೀಲಿಗಳನ್ನು ಬಿಸಾಕಿ ಹೊಸದು ಮಾಡುವ ಕೆಲಸ ಮನುಷ್ಯರೇ ಮಾಡಬೇಕಾಯಿತು.

ಆದರೂ ನಾನು ಆಟೋಮ್ಯಾಟಿಕ್ ಪಕ್ಷವೇ. ನನಗೆ ಹೆದರಿಕೆ ಬೇರೆಯದು. ನಮ್ಮ ಕಡೆ ಸಾವಿರ ಅಡಿ ಬೋರ್ ಕೂಡ ಬತ್ತುತ್ತೆ. ನೀರು ನಿಂತದ್ದು ಆಟೋ ಸ್ಟಾರ್ಟರಿಗೆ ತಿಳಿಯಲ್ಲ, ಮೋಟಾರು ಬರಿದೇ ಓಡಿ ಸುಡುತ್ತೆ.

ಗೌರಿಬಿದನೂರಿನಲ್ಲಿ ಚಿಕ್ಕಪ್ಪನ ಅಂಗಡಿಗೆ ಉಬುಂಟು 14.04 ಹಾಕಿ, ತಾನೇ ಅಪ್‌ಡೇಟ್ ಆಗುವ ಹಾಗೆ ಮಾಡಿ, ‘ಇನ್ನು ನೀವು ಏನೂ ಮುಟ್ಟಬೇಡಿ’ ಅಂತ ಹೇಳಿ ಬಂದವನು ನಾನೇ. 2021ರಲ್ಲಿ ಹೋದಾಗ ಅವರು ಏನೂ ಮುಟ್ಟಿರಲಿಲ್ಲ. ಆ ಆವೃತ್ತಿಯ ಸಾಮಾನ್ಯ ಬೆಂಬಲ 2019ರ ಏಪ್ರಿಲಿಗೇ ಮುಗಿದಿತ್ತು. ಆ ವರ್ಷದ ಜನವರಿಯಲ್ಲಷ್ಟೇ ಸುಡೂ ಎಂಬ ತಂತ್ರಾಂಶದಲ್ಲಿ, ಯಂತ್ರದಲ್ಲಿ ಖಾತೆಯಿರುವ ಯಾರು ಬೇಕಾದರೂ ಪೂರ್ತಿ ಯಜಮಾನರಾಗಬಹುದಾದ, ಸುಮಾರು ಹತ್ತು ವರ್ಷ ಹಳೆಯ ಲೋಪ ಹೊರಬಿದ್ದಿತ್ತು. 14.04ಕ್ಕೆ ಅದರ ತೇಪೆ ಸಿಕ್ಕಿದ್ದು ವಿಸ್ತೃತ ಬೆಂಬಲಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿದ ಯಂತ್ರಗಳಿಗೆ ಮಾತ್ರ. ನಾನು ನೋಂದಾಯಿಸಿರಲಿಲ್ಲ. ಲಾಗ್ ತೆರೆದು ನೋಡಿದೆ. ದಿನ ತಪ್ಪದೆ ಓಡಿದೆ. ದಿನಾ ಕೊನೆಗೆ ಒಂದೇ ಸಾಲು: ಅಪ್‌ಡೇಟ್ ಮಾಡುವಂಥ ಪ್ಯಾಕೇಜು ಯಾವುದೂ ಇಲ್ಲ. ಓದಿದವರಿಗೆ ಎಲ್ಲ ಕ್ಷೇಮ ಅನ್ನಿಸಬೇಕು!

ಸಂಜೆಯವರೆಗೆ ಕೂತು 20.04 ಹಾಕಿದೆ. ಚಿಕ್ಕಪ್ಪ ಕೇಳಿದ್ದು ಒಂದೇ, ‘ಇದಕ್ಕೆ ಯಾವಾಗಪ್ಪಾ ನೀರು ನಿಲ್ಲೋದು?’ ‘2025, ಏಪ್ರಿಲ್’ ಅಂತ ಚೀಟಿ ಬರೆದು ಮಾನಿಟರಿಗೆ ಅಂಟಿಸಿ ಬಂದೆ. 2025ರ ಮಾರ್ಚಿನಲ್ಲಿ ಅವರದೇ ಫೋನು. ‘ಚೀಟಿ ತಾರೀಖು ಹತ್ತಿರ ಬಂತಲ್ಲೋ, ಯಾವತ್ತು ಬರ್ತೀಯ?’