ಓಡುತ್ತಿದ್ದ ಮರದ ಲೇತ್ ತಟ್ಟನೆ ನಿಂತರೆ

ಹಾಸನ ಜಿಲ್ಲೆಗೆ ಕಡಚಲು ಕೆಲಸ ಹೊಸದಲ್ಲ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರು ಚೆನ್ನಕೇಶವನ ಗುಡಿಯ ನವರಂಗದಲ್ಲಿ ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳಿವೆ. ಇವತ್ತು ಅರಕಲಗೂಡು, ಹೊಳೆನರಸೀಪುರದ ಕಡೆಯ ಬಡಗಿ ಮಂಚದ ಕಾಲೋ ಲಟ್ಟಣಿಗೆಯೋ ಕಡೆಯುವಾಗ ತಿರುಗಿಸುವುದು ಕರೆಂಟು. ಹೀಗಾಗಿ ಉಳಿ ಕೊಟ್ಟ ಹೊತ್ತಿಗೆ ಲೇತ್ ನಿಂತುಬಿಟ್ಟರೆ ಕಾರಣ ಮರದಲ್ಲಿರಬಹುದು, ಮೋಟಾರಿನಲ್ಲಿರಬಹುದು, ಊರಾಚೆಯ ಟ್ರಾನ್ಸ್‌ಫಾರ್ಮರಿನಲ್ಲೂ ಇರಬಹುದು.

ಮುಟ್ಟುವ ಮುನ್ನ

ಸ್ವಿಚ್ ಆರಿಸಿ, ಪ್ಲಗ್ ಕೀಳಬೇಕು. ತ್ರೀ ಫೇಸ್ ಆದರೆ ಮೇನ್ ಇಳಿಸಬೇಕು. ನೋ ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಆದರೆ, ಹೋದ ಕರೆಂಟು ಮರಳಿ ಬಂದರೂ ಹಸಿರು ಗುಂಡಿ ಒತ್ತುವ ತನಕ ಲೇತ್ ತಿರುಗುವುದಿಲ್ಲ. ಬರೀ ಮಾಮೂಲಿ ಸ್ವಿಚ್ ಹಾಕಿಕೊಂಡ ಲೇತಿಗೆ ಆ ಕಾವಲಿಲ್ಲ. ಕೆಲವು ಮೋಟಾರುಗಳ ಒಳಗಿರುವ ಥರ್ಮಲ್ ಕಟ್‌ಔಟ್ ಇನ್ನೂ ಅಪಾಯಕಾರಿ: ತಣ್ಣಗಾದೊಡನೆ ತಾನೇ ಕೂಡಿಕೊಳ್ಳುತ್ತದೆ. ನೀವು ಬೆಲ್ಟಿಗೆ ಕೈಯಿಟ್ಟು ಬಗ್ಗಿ ನೋಡುತ್ತಿರುವಾಗಲೇ ಲೇತ್ ಓಡಲು ಶುರುವಾದೀತು.

ನಿಂತ ಬಗೆ

ಅಂಗಡಿಯ ದೀಪವೂ ಆರಿತೇ? ಹಾಗಾದರೆ ಲೇತಿನ ತಂಟೆಗೆ ಹೋಗಬೇಡಿ, ಎಂ.ಸಿ.ಬಿ. ಇಳಿದಿದೆಯೇ ನೋಡಿ. ಮೋಟಾರ್ ತಿರುಗುತ್ತಿದ್ದು ಮರ ಮಾತ್ರ ನಿಂತಿದ್ದರೆ ಬೆಲ್ಟ್ ಜಾರಿದೆ ಅಥವಾ ಪುಲ್ಲಿಯ ತಿರುಪು ಸಡಿಲವಾಗಿದೆ. ಗುಂಯ್ ಎನ್ನುತ್ತಾ ನಿಂತರೆ ಬೇರಿಂಗ್ ಹಿಡಿದಿರಬಹುದು. ಪ್ಲಗ್ ಕಿತ್ತು ಕೈಯಿಂದ ತಿರುಗಿಸಿ ನೋಡಿದರೆ ತಿಳಿಯುತ್ತದೆ. ಅರ್ಧ ಗಂಟೆ ಓಡಿ ನಿಂತು, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡಿದರೆ ಅದು ಓವರ್‌ಲೋಡ್ ಟ್ರಿಪ್. ನಮ್ಮ ಕಡೆ ಹೆಚ್ಚಾಗಿ ಕಾಡುವುದು ಇದೇ ಎಂದು ನನ್ನ ಅಂದಾಜು.

ಬಿಸಿ ಮತ್ತು ಡಿಮ್ ಕರೆಂಟು

1 ಎಚ್‌ಪಿ ಎಂದರೆ 746 ವ್ಯಾಟ್. ಅಷ್ಟು ಶಕ್ತಿಯ ಸಿಂಗಲ್ ಫೇಸ್ ಮೋಟಾರ್ 230 ವೋಲ್ಟಿನಲ್ಲಿ ತುಂಬು ಹೊರೆಗೆ ಸುಮಾರು 6ರಿಂದ 7 ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ 180ಕ್ಕೆ ಕುಸಿದರೂ ಕೆಲಸ ಅಷ್ಟೇ ಇರುವುದರಿಂದ ಆಂಪಿಯರ್ ಸುಮಾರು ಶೇ. 28 ಏರುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ವೈಂಡಿಂಗಿನ ಕಾವು ಶೇ. 60ಕ್ಕೂ ಮೀರಿ ಹೆಚ್ಚುತ್ತದೆ. ಓವರ್‌ಲೋಡ್ ರಿಲೇ ಬಿಡಿಸಿಕೊಳ್ಳುವುದು ಆಗಲೇ. ಅದು ಪದೇ ಪದೇ ಬೀಳುತ್ತದೆಂದು ತಿರುಪನ್ನು ಮೇಲಕ್ಕೆ ತಿರುಗಿಸುವವರಿದ್ದಾರೆ. ರಿಲೇ ಸುಮ್ಮನಾಗುತ್ತದೆ, ವೈಂಡಿಂಗ್ ಸುಡುತ್ತದೆ. ಸೆಟ್ಟಿಂಗ್ ಮೋಟಾರಿನ ಪಟ್ಟಿಯ ಮೇಲೆ ಬರೆದಿರುವ ಆಂಪಿಯರಿಗೆ ಸರಿಯಾಗಿರಬೇಕು.

ಅಂಗಡಿಯೊಳಗಿನ ವೈರೂ ವೋಲ್ಟೇಜ್ ತಿನ್ನುತ್ತದೆ. 1.5 ಚದರ ಮಿ.ಮೀ. ತಾಮ್ರದ ವೈರನ್ನು 50 ಮೀಟರ್ ಎಳೆದರೆ ಹೋಗಿಬರುವ ದಾರಿಯ ರೋಧ ಸುಮಾರು 1.2 ಓಂ. 7 ಆಂಪಿಯರಿಗೆ ಅದು ನುಂಗುವುದು 8 ವೋಲ್ಟ್ ಮಾತ್ರ. ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಎಳೆಯುವುದರಿಂದ 40 ವೋಲ್ಟಿಗೂ ಮೇಲೆ ಹೋಗುತ್ತದೆ. ಹಾಗಾಗಿ ಮೀಟರ್ ಹಿಡಿಯಬೇಕಾದ್ದು ಲೇತಿನ ಹತ್ತಿರ, ಅದು ಮರ ಕಡೆಯುತ್ತಿರುವಾಗ. ಖಾಲಿ ಸಾಕೆಟ್ಟಿನಲ್ಲಿ ಈ ಇಳಿತ ಕಾಣಿಸುವುದಿಲ್ಲ.

ಮರದ ಪಾಲೂ ಇದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಮೃದು, ಸಣ್ಣ ಮೋಟಾರು ಸಾಕು. ಓರೆಯಾಗಿ ಕುಳಿತ ಹಲಸಿನ ತುಂಡಿಗೆ ಮೊಂಡು ಉಳಿ ಒತ್ತಿದರೆ ಅದೇ ಮೋಟಾರು ಏದುಸಿರು ಬಿಡುತ್ತದೆ. ಉಳಿ ಮಸೆದು, ತೆಳುವಾಗಿ ತೆಗೆದು ನೋಡುವುದು ಖರ್ಚಿಲ್ಲದ ಪರೀಕ್ಷೆ.

ಒಂದು ಫೇಸ್ ಹೋದಾಗ

ಹಳ್ಳಿಯಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವ ಹೊತ್ತು ಬೇರೆ. ತೋಟದ ಶೆಡ್ಡಿನಲ್ಲಿ ಅದೇ ಲೈನಿಗೆ ಲೇತ್ ಕೊಟ್ಟಿದ್ದರೆ, ಫೇಸ್ ಬದಲಾಗುವ ಗಳಿಗೆಯಲ್ಲಿ ಅದು ನಿಲ್ಲುವುದು ಸಹಜ. ಫ್ಯೂಸ್ ಹಾರಿ ಒಂದೇ ಫೇಸ್ ಕಡಿದರೆ ಮೋಟಾರ್ ನಿಲ್ಲದೆಯೂ ಇರಬಹುದು. ಉಳಿದೆರಡರಲ್ಲಿ ಆಂಪಿಯರ್ ಸುಮಾರು 1.7 ಪಟ್ಟಾಗುತ್ತದೆ. ಇದಕ್ಕೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿಕೊಳ್ಳುವುದೇ ದಾರಿ.

ಹೊಟ್ಟು, ಇರುವೆ, ಸಡಿಲ ತಿರುಪು

ಮರದ ಹೊಟ್ಟು ಮೋಟಾರಿನ ಫ್ಯಾನ್ ಜಾಲರಿಯನ್ನು ಮುಚ್ಚಿದರೆ ಗಾಳಿ ಆಡದು. ಸ್ವಿಚ್ಚಿನೊಳಗೆ ಸೇರಿದರೆ ಕಾಂಟ್ಯಾಕ್ಟ್ ಕೂಡದು. ಬೆಚ್ಚಗಿರುವ ಸ್ಟಾರ್ಟರಿನಲ್ಲಿ ಇರುವೆ ಗೂಡು ಕಟ್ಟುವುದು, ಹಲ್ಲಿ ಸಿಕ್ಕಿಕೊಳ್ಳುವುದು ನಮ್ಮ ರಿಪೇರಿಯವರಿಗೆ ಹೊಸ ಸಂಗತಿಯೇನಲ್ಲ. ಲೇತಿನ ಅದುರಿಗೆ ಟರ್ಮಿನಲ್ ತಿರುಪು ಸಡಿಲವಾಗುತ್ತದೆ. ಕಪ್ಪಾದ ವೈರು, ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಅದರ ಗುರುತು. ಬೆಲ್ಟ್ ಮುಚ್ಚಳಕ್ಕೆ ಸೇಫ್ಟಿ ಸ್ವಿಚ್ ಇರುವ ಹೊಸ ಲೇತುಗಳಲ್ಲಿ ಮುಚ್ಚಳ ಒಂದಿಷ್ಟು ಅಲುಗಿದರೂ ಕರೆಂಟು ಕಡಿಯುತ್ತದೆ. ಕೆಂಪು ಎಮರ್ಜೆನ್ಸಿ ಗುಂಡಿ ಅರ್ಧ ಒತ್ತಿಕೊಂಡಿದೆಯೇ ಎಂದೂ ನೋಡಿ.

ಕೆಪಾಸಿಟರ್ ಮತ್ತು ಡ್ರೈವ್

ಸಿಂಗಲ್ ಫೇಸ್ ಲೇತ್ ಮತ್ತೆ ಏಳದೆ ಬರೀ ಗುಂಯ್ ಎಂದರೆ, ಬೇರಿಂಗ್ ಸರಿಯಿದ್ದಲ್ಲಿ, ಕೆಪಾಸಿಟರ್ ಇಲ್ಲವೇ ಸೆಂಟ್ರಿಫ್ಯೂಗಲ್ ಸ್ವಿಚ್ ಕೆಟ್ಟಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಹೊಡೆಯಬಲ್ಲದು, ಕೈ ಹಾಕಬೇಡಿ. ವೇಗ ಬದಲಿಸುವ ಡ್ರೈವ್ ಇದ್ದರೆ ಪರದೆಯ ಮೇಲಿನ ಕೋಡ್ ಬರೆದುಕೊಂಡ ನಂತರವೇ ರಿಸೆಟ್ ಒತ್ತಿ. ತೀರಾ ನಿಧಾನಕ್ಕೆ ಓಡಿಸಿದರೆ ಮೋಟಾರಿನ ಸ್ವಂತ ಫ್ಯಾನೂ ನಿಧಾನವಾಗುವುದರಿಂದ, ಹೊರೆ ಕಮ್ಮಿಯಿದ್ದರೂ ಬಿಸಿಯೇರಬಹುದು.

ಯಾರನ್ನು ಕರೆಯುವುದು

ಸುಟ್ಟ ವಾರ್ನಿಷ್ ವಾಸನೆ ಬಂದರೆ, ಬಾಡಿಯಲ್ಲಿ ಕರೆಂಟು ಹೊಡೆದರೆ, ಇ.ಎಲ್.ಸಿ.ಬಿ. ಪ್ರತಿ ಸಲ ಬಿದ್ದರೆ ಮೋಟಾರು ರಿವೈಂಡಿಂಗ್ ಅಂಗಡಿಗೆ ಹೋಗಬೇಕು. ಲೇತಿನ ಹತ್ತಿರವೂ ಮೀಟರ್ ಬೋರ್ಡಿನಲ್ಲೂ ವೋಲ್ಟೇಜ್ ಒಂದೇ ಸಮ ಇಳಿದಿದ್ದರೆ ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ 1912ಕ್ಕೆ ಹೇಳಬೇಕು. ಬರೀ ‘ಡಿಮ್ ಬರ್ತಿದೆ’ ಎನ್ನುವ ಬದಲು ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ವೋಲ್ಟ್ ಇತ್ತು ಎಂದು ಬರೆದಿಟ್ಟುಕೊಂಡು ಹೇಳಿದರೆ ಲೈನ್‌ಮನ್ನಿಗೆ ಎಲ್ಲಿಂದ ಹುಡುಕಬೇಕೆಂದು ಗೊತ್ತಾಗುತ್ತದೆ.